ಮೂಗು ಹಿಡಿದು ಹೊಡೆದ ಏಟು

ಮಗಳ ಕಿವಿನೋವಿಗೆಂದು ಇವತ್ತು ಬೆಳಿಗ್ಗೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸುತ್ತಿದ್ದೆ. ಆ ವಾಸನೆ ಬಡಿದದ್ದೇ ತಡ, ಏಳನೆಯ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಕಿವಿಗೆ ಅರಳೆ ಇಟ್ಟುಕೊಂಡು ಎದುರು ನಿಂತಂತಾಯಿತು...

ಶಹಾಬಾದಿನ ನಮ್ಮ ಶಾಲೆಯಲ್ಲಿ ಗಣಿತದ ಮಾಸ್ತರರದು ಒಂದು ಪದ್ಧತಿ. ಲೆಕ್ಕ ಬಾರದವರು ಎದ್ದು ನಿಲ್ಲಬೇಕು. ಉತ್ತರ ಹೇಳಿದವರು ಸಾಲಾಗಿ ಅವರ ಮೂಗು ಹಿಡಿದು ಕೆನ್ನೆಗೆ ಬಾರಿಸಬೇಕು. ಮೆಲ್ಲಗೆ ಹೊಡೆದರೆ, ಹೊಡೆಯುವುದು ಹೇಗೆಂದು ನಮ್ಮ ಮೇಲೆಯೇ ತೋರಿಸುತ್ತಿದ್ದರು. ದಂಡಂ ದಶಗುಣಂ ಎನ್ನುತ್ತಿದ್ದರು. ಹತ್ತರಲ್ಲಿ ಒಂದು ಗುಣವೂ ನಮಗೆ ಹತ್ತಲಿಲ್ಲ. ಒಬ್ಬರಿಗೊಬ್ಬರು ಪೆನ್ಸಿಲ್ ಕೊಡುತ್ತಿರಲಿಲ್ಲ, ಬಿದ್ದವರನ್ನು ಎತ್ತುತ್ತಿರಲಿಲ್ಲ. ನಿನ್ನೆ ಹೊಡೆದವಳಿಗೆ ಇಂದು ತಿರುಗಿ ಹೊಡೆಯುವ ಸರದಿಗೆ ನಾನೂ ಕಾಯುತ್ತಿದ್ದೆ.

ನನ್ನ ಆ ಗೆಳತಿ ಭಂಕೂರಿನ ಕಲ್ಲು ಕಡಿಯುವವರ ಮಗಳು. ಎಲ್ಲರಿಗಿಂತ ಮೊದಲು ಲೆಕ್ಕ ಬಿಡಿಸಿಡುತ್ತಿದ್ದಳು, ಆದರೂ ಬಾರದವರ ಜೊತೆ ಎದ್ದು ನಿಲ್ಲುತ್ತಿದ್ದಳು.

"ಬರ್ತದಲ್ಲ ನಿನಗ, ಯಾಕ ಹೇಳಲ್ಲ?" ಎಂದು ಒಮ್ಮೆ ಕೇಳಿದೆ.

"ಹೇಳಿದ್ರ ಹೊಡೀಬೇಕಾಗ್ತದಲ್ಲ," ಎಂದಳು.

ಒಂದು ದಿನ ಮಾಸ್ತರರು ಮೈಮೇಲೆ ದೆವ್ವ ಬಂದವರಂತಿದ್ದರು. ಹಿಂದಿನ ಬೆಂಚಿನವನ ಬೆನ್ನ ಮೇಲೆ ಬೆತ್ತ ಮುರಿದಿತ್ತು. ಮುಂದಿನ ಸರದಿ ನನ್ನದು, ಲೆಕ್ಕ ಬಂದಿರಲಿಲ್ಲ. ಅವಳು ಸದ್ದಿಲ್ಲದೆ ತನ್ನ ನೋಟ್‌ಬುಕ್ಕನ್ನು ನನ್ನತ್ತ ಸರಿಸಿದಳು. ನೋಡಿ ಹೇಳಿದೆ, ಬಚಾವಾದೆ. ಆದರೆ ಎದ್ದು ನಿಂತವರಲ್ಲಿ ಅವಳೇ ಮೊದಲಿನವಳು.

ಅವಳ ಮೂಗು ಹಿಡಿದು, ಕೆನ್ನೆಗೆ ಸುಮ್ಮನೆ ಕೈ ತಾಗಿಸಿದೆ.

"ಏನ್, ಗಲ್ಲ ಸವರ್ಲಿಕತ್ತೀ ಏನ್? ಹೊಡೀ!" ಎನ್ನುತ್ತ ಮಾಸ್ತರರು ಮುರಿದ ಬೆತ್ತ ಹಿಡಿದೇ ಬಂದರು.

ಮೂಗು ನನ್ನ ಬೆರಳಲ್ಲಿರುವಾಗಲೇ ಅವಳು ಪಿಸುಗುಟ್ಟಿದಳು: "ಜೋರ್ ಹೊಡಿ. ಇಲ್ಲಾಂದ್ರ ನಿನಗ ಹೊಡೀತಾರ."

ಹೊಡೆದೆ. ಇದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಏಟು ಕೆನ್ನೆ ತಪ್ಪಿ ಕಿವಿಗೆ ಬಿತ್ತು. ಅವಳ ತಲೆ ಗೋಡೆಗೆ ಬಡಿಯಿತು. "ಶಾಬಾಶ್!" ಎಂದರು ಮಾಸ್ತರರು. ಆ ಮಾತಿಗೆ ನಾನು ಹಿಗ್ಗಿದೆ... ಅವಳ ಎಡಗಿವಿಯಿಂದ ರಕ್ತ ಇಳಿಯುವುದು ಕಂಡದ್ದು ಆಮೇಲೆ.

ವಾರದ ಮೇಲೆ ಬಂದಳು, ಕಿವಿಯಲ್ಲಿ ಬೆಳ್ಳುಳ್ಳಿ ಎಣ್ಣೆಯ ಅರಳೆ. ಜಾರಿ ಬಿದ್ದೆ ಎಂದು ಮನೆಯಲ್ಲಿ ಹೇಳಿದ್ದಳಂತೆ. ನನ್ನ ಬಲಗಡೆ ಕೂರುತ್ತಿದ್ದವಳು ಅಂದಿನಿಂದ ಎಡಗಡೆ ಕೂತಳು, ನನ್ನ ಮಾತು ಬಲಗಿವಿಗಾದರೂ ಕೇಳಲೆಂದು. ಎಡಗಿವಿ ಹೋಗಿತ್ತು. ಬೇಸಿಗೆ ರಜೆ ಮುಗಿದ ಮೇಲೆ ಅವಳು ಶಾಲೆಗೆ ಬರಲಿಲ್ಲ. ಕೆಟ್ಟವಳು ನಾನು, ತಿಂಗಳಾದರೂ ಅವಳ ಮನೆಗೆ ಹೋಗಿ ವಿಚಾರಿಸಲಿಲ್ಲ.

ಎರಡು ವರ್ಷದ ಹಿಂದೆ ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಕಂಡಳು. ಗುರುತು ಹತ್ತಿತು. ಪಕ್ಕಕ್ಕೆ ಹೋಗಿ ನಿಂತು, "ತಪ್ಪಾತವ್ವ ನಂದು," ಎಂದೆ. ಅವಳು ತಿರುಗಲಿಲ್ಲ. ರೈಲು ಬಂತು, ಹತ್ತಿ ಹೋದಳು.

ಈಗ ಭಂಕೂರಿನಲ್ಲಿ ಕೇಳಿದರೆ ಆ ಮನೆಯವರು ಊರು ಬಿಟ್ಟು ಬಹಳ ವರ್ಷವಾಯಿತು ಎನ್ನುತ್ತಾರೆ. ಇನ್ನು ಅವಳು ಸಿಗುವುದಿಲ್ಲ. ಸುಳ್ಳೇಕೆ ಹೇಳಲಿ, ಅಂದು ಸ್ಟೇಷನ್ನಿನಲ್ಲಿ ನಾನು ಬೇಕೆಂದೇ ಅವಳ ಎಡಗಡೆ ನಿಂತಿದ್ದೆ.