ಮಿತಿಮೀರಿ ಬೆಳೆದ ಹೃದಯ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ಅಥಣಿಯ ಸರ್ಕಾರಿ ಆಸ್ಪತ್ರೆಯಲ್ಲಿ ಫಿಜಿಷಿಯನ್ ಆಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು, ನನಗೂ ಸಾಕುಸಾಕಾಗಿತ್ತು. ಒಂದು ಬೆಳಿಗ್ಗೆ ಶೇಡಬಾಳದ ಶೀತಲ ಎಂಬ ಪೈಲ್ವಾನ ಬಂದ. ಜೊತೆಗೆ ಅವನ ತಾಯಿ, ಕುಸ್ತಿ ಕಲಿಸಿದ ವಸ್ತಾದ ದಸ್ತಗೀರಸಾಬರು. ತಾಲೀಮಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಿದ್ದನಂತೆ. ಹಿಂದಿನ ಸಲ ಬಂದಾಗ ನಾನು ಹೇಳಿದಂತೆ ಮಿರಜಿನಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ತಂದಿದ್ದರು.

ವರದಿಯಲ್ಲಿ ‘ಹೈಪರ್‌ಟ್ರೋಫಿಕ್’ ಎಂದಿತ್ತು. ಶೀತಲ ಆ ಪದವನ್ನು ಮೊಬೈಲಿನಲ್ಲಿ ಹುಡುಕಿಕೊಂಡೇ ಬಂದಿದ್ದ.

“ಬೆಳದೈತಿ ಅಂತ ಅಲ್ರಿ? ಜಿಮ್‌ನವ್ರು ತೋಳಿಗೆ ಹಿಂಗ ಅಂತಾರ,” ಎಂದು ನಕ್ಕ.

ಅವನ ಮಾತು ಸುಳ್ಳಲ್ಲ. ಇರಬೇಕಾದ್ದಕ್ಕಿಂತ ಹೆಚ್ಚು ಬೆಳೆದದ್ದಕ್ಕೆ ಈ ಪದ ಬಳಸುತ್ತೇವೆ. ಸುಟ್ಟ ಗಾಯದ ಕಲೆ ಉಬ್ಬಿ ನಿಂತರೂ ಇದನ್ನೇ ಬರೆಯುತ್ತೇವೆ. ತೋಳು ಹೊರಗೆ ಬೆಳೆದರೆ ತೊಂದರೆಯಿಲ್ಲ. ಶೀತಲನ ಹೃದಯದ ಗೋಡೆ ಒಳಕ್ಕೆ ದಪ್ಪವಾಗಿತ್ತು. ರಕ್ತ ತುಂಬಲು ಜಾಗ ಸಾಲದು, ಹೊರಹೋಗುವ ದಾರಿಯೂ ಇಕ್ಕಟ್ಟು. ಚಿತ್ರ ಬಿಡಿಸಿ ತೋರಿಸಿ, ಕುಸ್ತಿ ಬಿಡಬೇಕು ಎಂದೆ.

“ಆಗಂಗಿಲ್ರಿ. ಗುಳಿಗಿ ಕೊಡ್ರಿ, ಮುಂದಿನ ವಾರ ಕುಸ್ತಿ ಐತಿ,” ಎಂದು ಅವನು ಎದ್ದೇ ನಿಂತ. ಇಂಥವರೊಡನೆ ವಾದಿಸಿ ವಾದಿಸಿ ನನ್ನಲ್ಲಿ ತ್ರಾಣ ಉಳಿದಿರಲಿಲ್ಲ.

ವಸ್ತಾದರು ಕೇಳಿದರು: “ಆಡಿದ್ರ ಏನಾಕ್ಕೈತ್ರಿ ಸಾಹೇಬ್ರ? ಖರೇ ಹೇಳ್ರಿ.”

“ಆಡಾಕತ್ತಾಗ ಹೃದಯ ನಿಂತು ಬಿಡಬಹುದು.”

ತಾಲೀಮಿಗೆ ಸೇರಿದ ದಿನ ಶಿಷ್ಯನಿಗೆ ಲಂಗೋಟ ಕೊಡುವವರು ವಸ್ತಾದರು. ಅವರು ಬೇಡವೆಂದರೆ ಅವನು ಮಣ್ಣಿಗೆ ಇಳಿಯುವಂತಿಲ್ಲ. ದಸ್ತಗೀರಸಾಬರು ಕೈ ಚಾಚಿದರು.

“ನನ್ನ ಲಂಗೋಟ ವಾಪಸ್ ಕೊಡಪಾ.”

ಆಸ್ಪತ್ರೆಯಿಂದ ನೇರ ತಾಲೀಮಿಗೆ ಹೋಗುವವನಿದ್ದ, ಅದು ಚೀಲದಲ್ಲೇ ಇತ್ತು. ಶೀತಲ ಚೀಲ ಬಿಚ್ಚಿ ಅದನ್ನು ಹೊರತೆಗೆದ. ವಸ್ತಾದರ ಕೈಗೆ ಕೊಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ವಸ್ತಾದರು ಕಣ್ಣೊರೆಸಿಕೊಳ್ಳುತ್ತ ಹಿಂದೆಯೇ ಹೋದರು. ನನಗೂ ಸಂಕಟವಾಯಿತು.

ತಾಯಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

“ಡಾಕ್ಟ್ರ, ಸಣ್ಣಾಂವ ಇದ್ದಾಗಿಂದ ಎಮ್ಮಿ ಹಾಲು, ತುಪ್ಪ, ಬದಾಮಿ ಎಲ್ಲಾ ನಾನ ತಿನಿಸೀನ್ರಿ. ಇದನ್ನ ನಾನ ಬೆಳಸಿದ್ನೇನ್ರಿ?”

“ಇಲ್ಲವ್ವ. ಇದು ಹುಟ್ಟಿನಿಂದ ಬಂದದ್ದು. ನೀವು ತಿನಿಸಿದ್ದರಿಂದ ಆಗಿದ್ದಲ್ಲ.”

ಆಕೆ ಆಗ ಅತ್ತಳು. ಅಂದಿನಿಂದ ನಾನು ಯಾವ ಕಾಯಿಲೆಯ ಹೆಸರಿಗೆ ಅರ್ಥ ಹೇಳಿದರೂ, ಇದು ಮನೆಯವರ ತಪ್ಪಲ್ಲ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಈ ತಾಯಿ ಬಾಯಿಬಿಟ್ಟು ಕೇಳಿದಳು. ಕೇಳದೆ ಎದ್ದುಹೋದವರು ಎಷ್ಟು ಜನರಿದ್ದರೋ.