ಎರಡು ಭಾಷೆಯ ಶಾಲೆ

ನಮ್ಮ ಮನೆಯಲ್ಲಿ ಬೈಗುಳ ತೆಲುಗು, ಮುದ್ದು ಕನ್ನಡ. ಯಾರೂ ಕೂತು ತೀರ್ಮಾನಿಸಿದ್ದಲ್ಲ. ಹೆಂಡತಿ ತಿಪ್ಪಮ್ಮನ ತವರು ಮೊಳಕಾಲ್ಮೂರಿನಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಮಕ್ಕಳು ಹೊತ್ತು ಮುಳುಗಿದರೂ ಬರದಿದ್ದರೆ ಅವಳ ಬಾಯಿಂದ “ಯಾಡ ಸಚ್ಚಿನಾರ್ರಾ?”, ಅಂದರೆ ಎಲ್ಲಿ ಸತ್ತಿದ್ರೋ, ಎಂದು ಬರುತ್ತದೆ, ಬಂದು ನಿಂತ ಮೇಲೆ “ಬಾರಪ್ಪ ನನ್ ಬಂಗಾರ” ಎಂದು. ಚಳ್ಳಕೆರೆಯವನಾದ ನನಗೂ ಇದೇ ಅಭ್ಯಾಸ. ಅವಳು ನನ್ನನ್ನು ತೆಲುಗಿನಲ್ಲಿ ಕರೆದರೆ ಪೇಟೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ.

ಆದ್ದರಿಂದ ಎರಡು ಭಾಷೆ ಕಲಿಸುವುದಕ್ಕೇ ಶಾಲೆಗಳಿವೆ, ದುಡ್ಡೂ ತೆಗೆದುಕೊಳ್ಳುತ್ತವೆ ಎಂದು ಕೇಳಿ ನಾವು ನಕ್ಕದ್ದರಲ್ಲಿ ತಪ್ಪೇನಿಲ್ಲ.

ತೊಂಬತ್ತರ ದಶಕದ ಕೊನೆ. ಎಣ್ಣೆ ಗಿರಣಿಯಲ್ಲಿ ಫೋರ್‌ಮನ್ ಆಗಿದ್ದ ನನಗೆ ಮಸ್ಕತ್ತಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಮನೆ ಅವರದು, ಮಕ್ಕಳ ಶಾಲೆಯ ಖರ್ಚು ನಮ್ಮದು. ತಿಪ್ಪಮ್ಮ ಸ್ಪಷ್ಟವಾಗಿ ಹೇಳಿದಳು: “ಹೋದ್ರೆ ಎಲ್ರೂ ಹೋಗಾಣ. ಇಸ್ಕೂಲ್ ಸಿಗಲಿಲ್ಲ ಅಂದ್ರೆ ಯಾರೂ ಬ್ಯಾಡ. ನಿಮ್ ಫೋಟೋ ನೋಡ್ಕಂಡು ಕೂರಾಕೆ ನನ್ ಕೈಲಾಗಲ್ರೀ.” ನನಗೂ ಒಬ್ಬನೇ ಹೋಗುವ ಧೈರ್ಯವಿರಲಿಲ್ಲ. ಮಕ್ಕಳಿಲ್ಲದ ಮನೆಯ ಬೀಗ ತೆಗೆದು ಒಳಗೆ ಹೋಗುವುದು ನನ್ನಿಂದಾಗುವ ಕೆಲಸವಲ್ಲ.

ಅಲ್ಲಿದ್ದ ಗೆಳೆಯನೊಬ್ಬ ವಿಚಾರಿಸಿದ. ಒಂದು ಶಾಲೆಗೆ ನನ್ನ ಸಂಬಳವೇ ಸಾಲದು, ಇನ್ನೊಂದರಲ್ಲಿ ಜಾಗವಿಲ್ಲ. ಉಳಿದದ್ದು ಎರಡು ಭಾಷೆಯ ಶಾಲೆ. ಎರಡೂ ಬರುವ ಮಕ್ಕಳಿಗೆ ಫೀಜು ಕಮ್ಮಿ. ಬಾರದವರು ಬೇರೆ ಪಾಠಕ್ಕೆ ಬೇರೆ ದುಡ್ಡು ಕಟ್ಟಬೇಕು. ಯಾವ ಎರಡು ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಎರಡು ಭಾಷೆ ಎಂದರೆ ಯಾವುವು ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಾಗ ಶಾಲೆಯವರು ಹಿಂದಿಯಲ್ಲಿ, ಮಕ್ಕಳಿಗೆ ಎರಡೂ ಬರುತ್ತವೆಯೇ ಎಂದರು. ಹುಟ್ಟಿದಾಗಿನಿಂದ, ಎಂದೆ.

ಹೊರಡುವ ಮುನ್ನ ಮಕ್ಕಳನ್ನು ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರಕ್ಕೆ ಕರೆದೊಯ್ದು ಅಶೋಕನ ಕಾಲದ ಬಂಡೆ ಶಾಸನ ತೋರಿಸಿದೆ. ಅದನ್ನು ಬರೆದ ಲಿಪಿಕಾರ ಉದ್ದಕ್ಕೂ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ಒಂದು ಪದವನ್ನು ಮಾತ್ರ ದೂರದ ವಾಯವ್ಯದ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ ಎನ್ನುತ್ತಾರೆ ಬಲ್ಲವರು. ಪಾಪ, ಅವನೂ ಕೆಲಸಕ್ಕೆಂದು ಪರವೂರಿಗೆ ಬಂದವನಿರಬೇಕು. “ಅವನ ಮಕ್ಳು ಯಾವ ಇಸ್ಕೂಲಿಗೆ ಹೋದ್ರಪ್ಪ?” ಎಂದಳು ಮಗಳು ರೇಖಾ. ಶಾಸನ ಆ ವಿಷಯದಲ್ಲಿ ಮೌನವಾಗಿದೆ.

ಮಸ್ಕತ್ತಿನಲ್ಲಿ ಮೊದಲ ದಿನವೇ ಟೀಚರು ಪುಸ್ತಕವನ್ನು ಹಿಂದಿನಿಂದ ತೆರೆದರು. ಎರಡು ಭಾಷೆ ಎಂದರೆ ಅರಬ್ಬಿ ಮತ್ತು ಇಂಗ್ಲಿಷು. ಮುಖ್ಯೋಪಾಧ್ಯಾಯರು ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ. ಒಂದು ವಾರ ಕೂರಲಿ, ಆಗದಿದ್ದರೆ ಬೇರೆ ಪಾಠಕ್ಕೆ ಕಟ್ಟಿ, ಇಲ್ಲವೇ ಬಿಡಿಸಿಕೊಳ್ಳಿ ಎಂದರು. ಕಟ್ಟುವ ಶಕ್ತಿ ಇರಲಿಲ್ಲ. ಬಿಡಿಸಿದರೆ ತಿಪ್ಪಮ್ಮ, ಮಕ್ಕಳು ವಾಪಸ್ ಚಳ್ಳಕೆರೆಗೆ. ಆ ವಾರವೆಲ್ಲ ಅವಳು ಟ್ರಂಕಿನ ಬೀಗ ತೆಗೆಯಲಿಲ್ಲ. ಮನೆಯಲ್ಲಿ ಬರೀ ತೆಲುಗು.

ವಾರ ಕಳೆದ ಮೇಲೆ ನಾನು ಶಾಲೆಗೆ ಹೋದಾಗ ಮುಖ್ಯೋಪಾಧ್ಯಾಯರೇ ಬೆರಗಾಗಿದ್ದರು. ತಿಳಿಯದ ಮಾತು ಕೇಳಿದರೆ ಹೊಸ ಮಕ್ಕಳು ಅಳುತ್ತವೆ, ನಿಮ್ಮವು ಟೀಚರ ಮುಖವನ್ನೇ ನೋಡುತ್ತ ಕೂರುತ್ತವೆ, ಹೇಳಿದ್ದನ್ನೂ ಮಾಡುತ್ತವೆ. ಇದೇ ಫೀಜಿಗೆ ಇರಲಿ ಬಿಡಿ ಎಂದರು. ನನ್ನ ಕಣ್ಣು ತುಂಬಿತು.

ಮನೆಗೆ ಬಂದು ರೇಖಾಳನ್ನು ಕೇಳಿದೆ: “ಹೆಂಗೈತೆ ಇಸ್ಕೂಲು?”

“ನಮ್ಮನೆ ಹಂಗೇ ಐತಪ್ಪ. ಒಂದ್ರಾಗೆ ಬೈತಾರೆ, ಇನ್ನೊಂದ್ರಾಗೆ ಮುದ್ದು ಮಾಡ್ತಾರೆ.”

“ಯಾವುದ್ರಾಗೆ ಏನಂತ ನಿಂಗೆಂಗೆ ಗೊತ್ತಾತು?”

“ಬೈಯೋದು ಮೊದ್ಲು ಬರ್ತೈತಲ್ಲ.”

ತಿಪ್ಪಮ್ಮ ಎದ್ದು ಹೋಗಿ ಟ್ರಂಕಿನ ಬೀಗ ತೆಗೆದಳು. ನಾನು ಆ ಲಿಪಿಕಾರನ ಮಕ್ಕಳ ಚಿಂತೆ ಬಿಟ್ಟೆ.