ತಲೆಬರಹ ನೋಡಿ ಬಿಟ್ಟ ರೊಟ್ಟಿ

ಒಂದಗುಳು ಹಿಚುಕಿದರೆ ಅನ್ನ ಬೆಂದದ್ದು ತಿಳಿಯುತ್ತದಲ್ಲ, ಪೇಪರಿಗೂ ಅದೇ ಲೆಕ್ಕ ಎನ್ನುವವಳು ನಾನು. ದಪ್ಪ ಅಕ್ಷರ ಓದಿ ಪುಟ ತಿರುವುತ್ತಿದ್ದೆ. ಕೆಳಗಿನದ್ದನ್ನೆಲ್ಲ ಓದುತ್ತ ಕೂರಲು ನಮ್ಮ ಅತ್ತೆಯ ಹಾಗೆ ನನಗೇನು ಪುರುಸೊತ್ತಿದೆಯೇ ಎಂಬ ಸೊಕ್ಕು ಬೇರೆ.

ಹೋದ ವರ್ಷ ನಾಗರಪಂಚಮಿ ಹತ್ತಿರ ಬಂದಾಗ ರಾಮದುರ್ಗದ ಕಡೆಯ ಸುದ್ದಿಯೊಂದು ಬಂತು: 'ರೊಟ್ಟಿ ಊಟ: ಹಲವರು ಅಸ್ವಸ್ಥ'. ಅಷ್ಟನ್ನೇ ಮೊಬೈಲಿನಲ್ಲಿ ಫೋಟೋ ಹೊಡೆದು, 'ಹೊರಗಿನ ರೊಟ್ಟಿ ತಗೋಬ್ಯಾಡ್ರಿ, ಹುಷಾರ್' ಎಂದು ಬರೆದು ಓಣಿಯ ಗ್ರೂಪಿಗೆ ಹಾಕಿದೆ.

ಬೈಲಹೊಂಗಲದ ನಮ್ಮ ಓಣಿಯಲ್ಲಿ ಹೊರಗಿನ ರೊಟ್ಟಿ ಎಂದರೆ ಒಬ್ಬಳದೇ. ಮೂಲೆಮನೆಯವಳು ಖಡಕ್ ರೊಟ್ಟಿ ಬಡಿದು ಮಾರುತ್ತಾಳೆ. ಧಾರವಾಡದಲ್ಲಿ ಓದುವ ಮಗಳ ಹಾಸ್ಟೆಲ್ಲು ನಡೆಯುವುದು ಅದರಿಂದಲೇ. ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬಕ್ಕೆ ಮನೆಯಿಂದ ಮನೆಗೆ ರೊಟ್ಟಿ, ಪಲ್ಯ ಹಂಚುವುದು ನಮ್ಮ ಕಡೆಯ ಪದ್ಧತಿ. ಹಂಚುವ ಆ ರೊಟ್ಟಿಗೆ ಓಣಿಯವರೆಲ್ಲ ಅವಳಿಗೇ ಹೇಳಿಡುತ್ತಿದ್ದರು. ವರ್ಷದಲ್ಲಿ ಅವಳಿಗೆ ಕೈತುಂಬ ಕೆಲಸ ಸಿಗುವುದು ಆಗಲೇ.

ಸಂಜೆ ಅವಳು ಬಾಗಿಲಿಗೆ ಬಂದಳು. "ಅಕ್ಕಾರ, ಎಲ್ಲಾರೂ ರೊಟ್ಟಿ ಬ್ಯಾಡ ಅನ್ನಾಕ ಹತ್ಯಾರ. ನಿಮಗರ ಬಡೀಲೇನ್ರಿ?"

ಫೋಟೋ ಹಾಕಿದವಳು ನಾನೆಂದು ಗೊತ್ತಿದ್ದೂ ಅವಳು ಅದರ ಮಾತೆತ್ತಲಿಲ್ಲ.

"ಈ ಸಲ ನಾವ ಮನ್ಯಾಗ ಮಾಡತೇವಿ" ಎಂದೆ, ಬಾಗಿಲಲ್ಲಿದ್ದ ಚಪ್ಪಲಿಗಳನ್ನು ಸರಿಸುತ್ತ. ಮುಖ ನೋಡುವ ಧೈರ್ಯವಿರಲಿಲ್ಲ.

ಅವಳು ಹೋದ ಮೇಲೆ ಅತ್ತೆ ಪೇಪರು ಹಿಡಿದು ಹೊರಗೆ ಬಂದರು. "ಎತ್ತು ಈತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದಂಗಾತು ನಿಂದು! ಕೆಳಗ ಏನ್ ಬರದಾರ, ಓದಿಯೇನು?"

ಓದಿದೆ. ಕೆಟ್ಟದ್ದು ಆ ಊರಿನ ಟ್ಯಾಂಕಿನ ನೀರು. ಒಡೆದ ಪೈಪಿಗೆ ಗಟಾರದ ನೀರು ಸೇರಿತ್ತು. ಆ ದಿನದ ಊಟಕ್ಕೆ ರೊಟ್ಟಿ ಇತ್ತು, ಅಷ್ಟೇ. ಇಂಥ ತಲೆಬರಹ ಕೊಟ್ಟವರನ್ನು ಚೆನ್ನಾಗಿ ಬೈಯಬೇಕೆನಿಸಿತು. ಆದರೆ ಅವರು ಕೆಳಗಾದರೂ ನಿಜ ಬರೆದಿದ್ದರು. ಓದದೆ ಡಂಗುರ ಹೊಡೆದವಳು ನಾನು. ಕೂಡಲೇ ಇಡೀ ಸುದ್ದಿಯನ್ನು 'ನಂದು ತಪ್ಪಾತ್ರಿ' ಎಂದು ಬರೆದು ಗ್ರೂಪಿಗೆ ಹಾಕಿದೆ. ಯಾರೂ ಪಿಟ್ಟೆನ್ನಲಿಲ್ಲ. ಅಷ್ಟುದ್ದದ್ದನ್ನು ಯಾರು ಓದುತ್ತಾರೆ, ನಾನೇ ಓದುತ್ತಿರಲಿಲ್ಲ. ಮೂಲೆಮನೆಗೆ ಹೋಗಿ ಹೇಳಿ ಬರಬೇಕಿತ್ತು. ನಾಚಿಕೆಯಾಗಿ ಹೋಗಲಿಲ್ಲ.

ರೊಟ್ಟಿ ಹಬ್ಬದ ದಿನ ಅವಳು ಎಂದಿನಂತೆ ಬುಟ್ಟಿ ಹಿಡಿದು ಹಂಚಲು ಬಂದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಅದರ ಮೇಲೆ ಕಾಳಿನ ಪಲ್ಯ. ನಾನು ಕೈ ಚಾಚುವ ಮೊದಲೇ ರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ನನ್ನೆದುರೇ ಅಗಿದು ನುಂಗಿದಳು. ಆಮೇಲೆ ಉಳಿದದ್ದನ್ನು ನನ್ನ ಕೈಗಿಟ್ಟಳು.

"ಈಗ ತಗೋರಿ ಅಕ್ಕಾರ."

ನಾಚಿಕೆಯಿಂದ ನೆಲಕ್ಕಿಳಿದುಹೋದೆ. "ಒಳಗ ಬಾರವಾ, ಕುಂತು ಉಣ್ಣು" ಎಂದೆ.

"ಒಲ್ಲೆರಿ. ಎಲ್ಲಾ ಮನಿ ಬಾಗಲದಾಗೂ ಹಿಂಗ ತಿಂದು ತೋರಿಸ್ಕೋತ ಬಂದೇನಿ. ಹೊಟ್ಟಿ ತುಂಬೇತಿ" ಎಂದು ಅವಳು ಮುಂದಿನ ಮನೆಗೆ ನಡೆದಳು.